ಕಾಲುವೆಗೆ ಬಿದ್ದರೆ ಔಟ್

ಸಿಂಧನೂರಿನ ದರ್ಜಿ ಇಸ್ಮಾಯಿಲ್‌ಸಾಬ್‌ಗೆ ಹನ್ನೊಂದು ವರ್ಷದಿಂದ ಬಿಡದೆ ಕಾಡಿದ ತಲೆನೋವು ಒಂದೇ. ಅದಕ್ಕೆ ಯಾವ ಹಕೀಮನ ಹತ್ತಿರವೂ ಮದ್ದಿರಲಿಲ್ಲ. ಯಾಕೆಂದರೆ ಆ ತಲೆನೋವು ಎರಡು ಕಾಲಿನ ಮೇಲೆ ಓಡಾಡುತ್ತಿತ್ತು, ಭಾನುವಾರಕ್ಕೊಮ್ಮೆ ಬೌಲಿಂಗ್ ಮಾಡುತ್ತಿತ್ತು, ಮತ್ತು ಊರವರೆಲ್ಲ ಅದನ್ನು ಹೆಗಲ ಮೇಲೆ ಹೊತ್ತು ಮೆರೆಸುತ್ತಿದ್ದರು. ಹೆಸರು ಪಂಪಣ್ಣ.

ಪಂಪಣ್ಣ ಕಾಲುವೆ ಇಲಾಖೆಯಲ್ಲಿ ಲಸ್ಕರ್. ಬೆಳಗಾದರೆ ದಢೇಸುಗೂರಿನ ದಿಕ್ಕಿಗೆ ಕಾಲುವೆಯ ಏರಿಯ ಮೇಲೆ ಮೈಲಿಗಟ್ಟಲೆ ನಡೆಯುವುದು, ತೂಬುಗಳ ಬಾಗಿಲು ಎತ್ತುವುದು, ಇಳಿಸುವುದು, ಯಾರಾದರೂ ತಮ್ಮ ಪಾಳಿ ಅಲ್ಲದ ಹೊತ್ತಿನಲ್ಲಿ ನೀರು ತಿರುಗಿಸಿಕೊಂಡಿದ್ದರೆ ಅವರೊಂದಿಗೆ ಜಗಳಕ್ಕೆ ನಿಲ್ಲುವುದು, ಇಷ್ಟು ಅವನ ನೌಕರಿ. ಕಾಲುವೆ ಬಂದ ಮೇಲೆ ಸಿಂಧನೂರಿಗೆ ಏನೇನೋ ಬಂತು. ಭತ್ತ ಬಂತು, ಆಂಧ್ರದ ರೈತರು ಬಂದರು, ಸೊಳ್ಳೆ ಬಂದವು, ಅವುಗಳ ಹಿಂದೆಯೇ ಕ್ರಿಕೆಟ್ಟೂ ಬಂತು.

ಕ್ರಿಕೆಟ್ ತಂದವನು ಮೈಸೂರು ಕಡೆಯ ಒಬ್ಬ ಓವರ್‌ಸೀಯರ್. ಅವನ ಹತ್ತಿರ ಇದ್ದುದು ಒಂದೇ ಚೆಂಡು. ಆಟದ ಬಯಲಿನ ಮಗ್ಗುಲಿಗೇ ಹನ್ನೆರಡು ಅಡಿ ಅಗಲದ ಕಾಲುವೆ. ಎರಡನೇ ದಿನವೇ ಯಾರೋ ಬೀಸಿ ಹೊಡೆದು ಚೆಂಡು ನೀರಿಗೆ ಬಿತ್ತು, ತೇಲಿಕೊಂಡು ಹೋಯಿತು, ಮುಂದಿನ ತೂಬಿನ ಹತ್ತಿರ ಹಿಡಿದು ತೆಗೆದಾಗ ನೆನೆದು ಹೊಲಿಗೆ ಬಿಚ್ಚಿಕೊಂಡಿತ್ತು. ಓವರ್‌ಸೀಯರ್‌ಗೆ ಸಿಟ್ಟು ನೆತ್ತಿಗೇರಿತು. ಇನ್ನು ಮೇಲೆ ಕಾಲುವೆಗೆ ಹೊಡೆದವನು ಔಟ್ ಎಂದುಬಿಟ್ಟ. ಆಚೆ ಏರಿಗೆ ದಾಟಿಸಿದರೆ ಆರು ರನ್, ನೀರಿಗೆ ಬಿದ್ದರೆ ಔಟ್. ಮರುವರ್ಷ ಅವನಿಗೆ ವರ್ಗವಾಯಿತು. ಅವನು ಹೋದ, ಅವನ ಸಿಟ್ಟು ಕಾನೂನಾಗಿ ಇಲ್ಲೇ ಉಳಿಯಿತು.

ಸಿಂಧನೂರಿನವರಿಂದ ಆಟ ಕಲಿತವರು ಮಸ್ಕಿಯವರು, ಮಸ್ಕಿಯವರಿಂದ ಲಿಂಗಸುಗೂರಿನವರು. ಮಸ್ಕಿಯಲ್ಲಿ ಬಯಲಿನ ಪಕ್ಕಕ್ಕೆ ಹಳ್ಳವಿತ್ತು, ಅದನ್ನೇ ಕಾಲುವೆ ಎಂದುಕೊಂಡರು. ಲಿಂಗಸುಗೂರಿನ ಬಯಲಿಗೆ ಹಳ್ಳವೂ ಇರಲಿಲ್ಲ, ಕಾಲುವೆಯೂ ಇರಲಿಲ್ಲ. ಕಾಲುವೆ ಇಲ್ಲದೆ ಕ್ರಿಕೆಟ್ ಆಡುವುದು ಹೇಗೆ ಎಂದು ಪಾಪ ಅವರು ಬಹಳ ತಲೆ ಕೆಡಿಸಿಕೊಂಡು, ಕೊನೆಗೆ ಹನ್ನೆರಡು ಅಡಿ ಅಂತರದಲ್ಲಿ ಎರಡು ಸುಣ್ಣದ ಗೆರೆ ಎಳೆದು ಅದಕ್ಕೆ ಕಾಲುವೆ ಎಂದು ಹೆಸರಿಟ್ಟರು. ಒಂದು ಸಲ ಸಿಂಧನೂರಿನ ಆಟಗಾರನೊಬ್ಬ ಆ ಗೆರೆಗಳನ್ನು ದಾಟಿ ಓಡಿಹೋಗಿ ಚೆಂಡು ತಡೆದ. ಲಿಂಗಸುಗೂರಿನವರು ಆಟವನ್ನೇ ನಿಲ್ಲಿಸಿದರು. ನೀರಿನ ಮೇಲೆ ಓಡಿದ್ದು ಹೇಗೆ, ಸೇತುವೆ ಸುತ್ತಿಕೊಂಡು ಹೋಗಬೇಕಿತ್ತು ಎಂದು ತಕರಾರು ತೆಗೆದರು. ಸೇತುವೆ ಎಲ್ಲಿದೆ ಎಂದು ಇಸ್ಮಾಯಿಲ್‌ಸಾಬ್ ಕೇಳಿದ್ದಕ್ಕೆ ಒಬ್ಬ ಡಬ್ಬಿ ತಂದು ಸುಣ್ಣದಲ್ಲೇ ಸೇತುವೆ ಬರೆದ. ಇಸ್ಮಾಯಿಲ್‌ಸಾಬ್ ಹಣೆ ಚಚ್ಚಿಕೊಂಡ. ಆಗ ಪಂಪಣ್ಣ, ಸಿಂಧನೂರಿನ ಪಂಪಣ್ಣನೇ, ಗಂಭೀರವಾಗಿ ಬಂದು ಹೇಳಿದ:

"ಅವರು ಅನ್ನೂದು ಖರೇ ಐತಿ ಮಾವ. ನೀರಂದ್ರ ನೀರು."

"ಲೇ ಪಂಪ್ಯಾ, ಎಲ್ಲೈತಿ ನೀರು? ಕಣ್ಣಾಗ ಸುಣ್ಣ ಬಿದ್ದೈತೇನು ನಿನಗ?"

"ಇಲ್ಲಿ ಇಲ್ಲದಿದ್ರೇನು, ರೂಲ್‌ದಾಗ ಐತಲ್ಲ."

ಇಸ್ಮಾಯಿಲ್‌ಸಾಬ್ ತಂಡದ ನಾಯಕ, ಮೇಲಾಗಿ ವಿಕೆಟ್ ಕೀಪರ್. ಮೂರೂ ಊರು ಸೇರಿಸಿದರೆ ನಿಜವಾದ ಕ್ರಿಕೆಟ್ ಕಂಡಿದ್ದ ಮನುಷ್ಯ ಅವನೊಬ್ಬನೇ. ಹರೆಯದಲ್ಲಿ ಎರಡು ವರ್ಷ ಹೈದರಾಬಾದಿನ ಒಬ್ಬ ದರ್ಜಿಯ ಕೈಕೆಳಗೆ ಹೊಲಿಗೆ ಕಲಿಯಲು ಹೋಗಿದ್ದಾಗ ರಜೆಯ ದಿನಗಳನ್ನೆಲ್ಲ ಆಟದ ಮೈದಾನದ ತಂತಿಬೇಲಿಗೆ ಜೋತುಬಿದ್ದು ಕಳೆದಿದ್ದ. ಈ ಕಾಲುವೆ ಔಟು ಗೀಟು ಎಲ್ಲಿಯೂ ಇಲ್ಲ, ಇದು ಓವರ್‌ಸೀಯರ್‌ನ ಸಿಟ್ಟು ಮಾತ್ರ ಎಂದು ಅವನು ಹೇಳದ ದಿನವಿಲ್ಲ. ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಕರಗುತ್ತಿತ್ತೇನೋ.

"ಹೈದರಾಬಾದ್‌ನಾಗ ಆ ಬಯಲಿನ ಬಾಜೂಕ ಕಾಲುವಿ ಐತೇನು?" ಎಂದು ಪಂಪಣ್ಣ ಕೇಳುತ್ತಿದ್ದ.

"ಇಲ್ಲ."

"ಮತ್ತ ಕಾಲುವಿ ಇಲ್ಲದವ್ರಿಗಿ ಕಾಲುವಿ ರೂಲು ಏನ್ ತಿಳೀಬೇಕು ಮಾವ?"

ಇದಕ್ಕೆ ಏನು ಹೇಳುತ್ತೀರಿ? ಇಸ್ಮಾಯಿಲ್‌ಸಾಬ್ ಬಾಯಲ್ಲಿದ್ದ ಎಲೆಅಡಿಕೆ ಉಗಿದು ಅಂಗಡಿಯೊಳಗೆ ಹೋಗಿ ಯಾರದೋ ಪಾಯಿಜಾಮವನ್ನು ಸಿಟ್ಟಿನಲ್ಲಿ ಹೊಲಿಯುತ್ತಿದ್ದ.

ಇನ್ನು ಪಂಪಣ್ಣನ ಬೌಲಿಂಗು. ಅದನ್ನು ನೋಡಿದರೆ ಯಾರಿಗಾದರೂ ಬ್ಯಾಟು ಹಿಡಿಯುವ ಆಸೆ ಬರಬೇಕು. ನಾಲ್ಕೇ ಹೆಜ್ಜೆ ನಡೆದು ಬರುತ್ತಿದ್ದ, ಓಡುವ ಮಾತೇ ಇಲ್ಲ. ಬರುವ ಮುಂಚೆ ಒಂದು ಹುಲ್ಲುಕಡ್ಡಿ ತೂರಿ ಗಾಳಿ ನೋಡುತ್ತಿದ್ದ. ಆಮೇಲೆ ಚೆಂಡನ್ನು ಎತ್ತರಕ್ಕೆ, ನಿಧಾನಕ್ಕೆ, ಹೊಡೆಯಪ್ಪಾ ಎಂದು ಬೇಡಿಕೊಳ್ಳುವ ಹಾಗೆ ಬಿಡುತ್ತಿದ್ದ. ಬ್ಯಾಟು ಹಿಡಿದವನ ಕಣ್ಣಿಗೆ ಆಚೆ ಏರಿ ಕಾಣುತ್ತಿತ್ತು, ಆರು ರನ್ ಕಾಣುತ್ತಿತ್ತು. ಬೀಸುತ್ತಿದ್ದ. ಚೆಂಡು ಕೊನೆಯ ಗಳಿಗೆಯಲ್ಲಿ ಒಂದಿಷ್ಟು ಒಳಕ್ಕೆ ತಿರುಗುತ್ತಿತ್ತು, ಬ್ಯಾಟಿನ ನಡುವಿಗೆ ಸಿಗುತ್ತಿರಲಿಲ್ಲ, ಆಕಾಶಕ್ಕೆ ಹಾರಿ ಏರಿ ಮುಟ್ಟದೆ ನೀರಿಗೆ ಬೀಳುತ್ತಿತ್ತು. ಚೆಂಡು ಆ ದಿಕ್ಕಿಗೆ ಎದ್ದದ್ದೇ ತಡ, ಸಿಂಧನೂರಿನ ಹನ್ನೊಂದೂ ಜನ ಎರಡೂ ಕೈ ಮೇಲೆತ್ತಿ "ಹೋತೂ!" ಎಂದು ಕೂಗುತ್ತಿದ್ದರು. ಚೆಂಡಿನ ಹಿಂದೆ ಯಾರೂ ಓಡುತ್ತಿರಲಿಲ್ಲ. ಓಡುವ ಅಗತ್ಯವಾದರೂ ಏನಿತ್ತು? ಔಟಾದವನೇ ಧೋತರ ಎತ್ತಿ ಕಟ್ಟಿ ನೀರಿಗಿಳಿದು ಚೆಂಡು ತಂದುಕೊಡಬೇಕೆಂಬುದೂ ಆ ಕಾನೂನಿನಲ್ಲೇ ಸೇರಿತ್ತು. ಚೆಂಡು ತೇಲಿ ಹೋದರೆ ಎಲ್ಲಿ ಸಿಗುತ್ತದೆ ಎಂದು ಪಂಪಣ್ಣ ಇಲ್ಲಿಂದಲೇ ಬೆರಳು ಮಾಡಿ ತೋರಿಸುತ್ತಿದ್ದ.

ವಿಕೆಟ್ ಹಿಂದೆ ನಿಂತ ಇಸ್ಮಾಯಿಲ್‌ಸಾಬ್‌ನ ಕೈಗವಸು ಹನ್ನೊಂದು ವರ್ಷವಾದರೂ ಹೊಸದರ ಹಾಗೇ ಇತ್ತು. ಪಂಪಣ್ಣನ ಚೆಂಡು ಅವನವರೆಗೆ ಬಂದರೆ ತಾನೇ!

"ಇದು ಬೌಲಿಂಗ್ ಅಲ್ಲಲೇ, ಮೀನಕ್ಕ ಗಾಳ ಹಾಕೂದು," ಎಂದು ಅವನು ರೇಗುತ್ತಿದ್ದ. "ನಿಂದೇನೈತಿ ಇದರಾಗ? ಆಸೆಬುರುಕರು ಬೀಸ್ತಾರ, ಕಾಲುವಿ ನುಂಗತೈತಿ. ನಿನ್ನ ಜಾಗಾದಾಗ ನಮ್ಮ ಹೊಲಿಗಿ ಮಷಿನ್ ನಿಂದ್ರಿಸಿದ್ರೂ ವಿಕೆಟ್ ಬೀಳ್ತಾವ."

"ಅಲ್ಲಿಗೆ ಹೊಡಿಸೂದು ನಾನೇ ಮಾವ," ಎಂದು ಪಂಪಣ್ಣ ನಗುತ್ತಿದ್ದ. ಆ ನಗುವಿನಿಂದಲೇ ಇಸ್ಮಾಯಿಲ್‌ಸಾಬ್‌ಗೆ ಮೈಯೆಲ್ಲ ಉರಿಯುತ್ತಿತ್ತು. ಮನೆಯಲ್ಲಿ ಹೆಂಡತಿ ಅಖ್ತರಬೇಗಂ ಒಂದು ದಿನ ಕೇಳಿಯೇಬಿಟ್ಟಳು.

"ಅಷ್ಟು ಬೈತೀರಿ ಅವನ್ನ. ಮತ್ತ ಭಾನುವಾರ ಬಂದ್ರ ನಸುಕಿನಾಗ ಎದ್ದು ಅವನ ಮನೀ ಬಾಗಿಲಿಗೇ ಯಾಕ ಹೋಗ್ತೀರಿ?"

"ಅವನ್ನ ಬಿಟ್ರ ಬೈಯ್ಯಾಕ ನನಗ್ಯಾರದಾರ?" ಎಂದ ಇಸ್ಮಾಯಿಲ್‌ಸಾಬ್. ಹೇಳಿದ ಮೇಲೆ ಅದು ನಿಜವೆಂದು ಅವನಿಗೇ ಅನ್ನಿಸಿ ಇನ್ನಷ್ಟು ಸಿಟ್ಟು ಬಂತು.

ಹೀಗೇ ನಡೆದುಕೊಂಡು ಹೋಗಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಕಾಲುವೆ ಆಫೀಸಿನ ಗುಮಾಸ್ತ ವೆಂಕೋಬರಾಯರು ಸುಮ್ಮನೆ ಕೂರುವ ಜನವಲ್ಲ. ಎಲ್ಲ ಆಟಗಳ ಸ್ಕೋರು ಬರೆದಿಡುತ್ತಿದ್ದವರು ಅವರು, ಅದೂ ಇಲಾಖೆಯ ರಿಜಿಸ್ಟರಿನಷ್ಟೇ ಚೊಕ್ಕಟವಾಗಿ. ೧೯೬೯ರ ಕೊನೆಯಲ್ಲಿ ಒಂದು ದಿನ ಕೂಡಿಸಿ ನೋಡಿದರೆ ಪಂಪಣ್ಣನ ಹೆಸರಿಗೆ ನಾನೂರ ಹದಿನೆಂಟು ವಿಕೆಟ್. ಅದೇ ಹೊತ್ತಿಗೆ ರಾಯಚೂರಿನಲ್ಲಿ ಜಿಲ್ಲಾ ತಂಡ ಕಟ್ಟುತ್ತಿದ್ದಾರೆ, ಗುಲ್ಬರ್ಗಾದವರ ಮೇಲೆ ಆಡಲು ಆಯ್ಕೆ ನಡೆಯುತ್ತದೆ ಎಂಬ ಸುದ್ದಿ ಬಂತು. ವೆಂಕೋಬರಾಯರು ಯಾರನ್ನೂ ಕೇಳದೆ ಅರ್ಜಿ ಬರೆದು, ಲೆಕ್ಕವನ್ನು ಜೊತೆಗೆ ಲಗತ್ತಿಸಿ, ಟಪಾಲಿಗೆ ಹಾಕಿಯೇಬಿಟ್ಟರು. ಆಮೇಲೆ ಹೇಳಿದರು.

ಇಸ್ಮಾಯಿಲ್‌ಸಾಬ್ ಅಳತೆಪಟ್ಟಿ ಕೊರಳಲ್ಲಿದ್ದಂತೆಯೇ ಆಫೀಸಿಗೆ ಓಡಿದ.

"ರಾಯರ, ಕಾಲುವಿ ವಿಷಯ ಬರದೀರೇನ್ರೀ ಅದರಾಗ?"

"ಎಲ್ಲಿ ಬರೀಲಿ? ಪುಸ್ತಕದಾಗ ಬೌಲ್ಡ್‌ಗೊಂದು ಕಲಂ ಐತಿ, ಕ್ಯಾಚಿಗೊಂದು ಐತಿ, ರನೌಟಿಗೊಂದು ಐತಿ. ಕಾಲುವಿಗಿ ಕಲಂ ಇಲ್ಲ."

"ಮತ್ತ ಎದರಾಗ ಹಾಕೀರಿ?"

"ಕ್ಯಾಚಿನಾಗ. ಮ್ಯಾಲಿಂದ ಬೀಳೂದು, ಕೆಳಗ ಒಂದು ಅದನ್ನ ತಗಳ್ಳೂದು. ಕ್ಯಾಚೇ ಅಲ್ಲೇನು ಮತ್ತ?"

ಇಸ್ಮಾಯಿಲ್‌ಸಾಬ್ ಅಲ್ಲೇ ಬೆಂಚಿನ ಮೇಲೆ ಕುಸಿದು ಕುಳಿತ. ರಾಯಚೂರಿನವರು ನಕ್ಕು ಕಳಿಸುತ್ತಾರೆ, ಇಡೀ ಊರಿನ ಮರ್ಯಾದೆ ಹೋಗುತ್ತದೆ ಎಂದು ಅವನು ಒದರಾಡುತ್ತಿದ್ದರೆ ವೆಂಕೋಬರಾಯರು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ವಾರದೊಳಗೆ ಉತ್ತರ ಬಂತು. ಜನವರಿಯ ಎರಡನೇ ಭಾನುವಾರ ರಾಯಚೂರಿನಲ್ಲಿ ಆಯ್ಕೆಯ ಪಂದ್ಯ, ಬೌಲರ್ ಪಂಪಣ್ಣ ಹಾಜರಾಗತಕ್ಕದ್ದು.

ಆ ಕಾಗದವನ್ನು ಪಂಪಣ್ಣ ಅಂಗಡಿಗೆ ತಂದು ತೋರಿಸಿದ. ಯಾವತ್ತೂ ಎಲ್ಲದಕ್ಕೂ ನಗುವವನು ಅವತ್ತು ನಗಲಿಲ್ಲ.

"ನನಗ ಮೂವತ್ತಾರು ಮಾವ. ಇದೊಂದೇ ಸಲ ಕರೀತಾರ, ಮತ್ತ ಕರಿಯಂಗಿಲ್ಲ. ನಾ ಜಿಲ್ಲಾಕ್ಕ ಆಡಬೇಕು," ಎಂದ. ಕಾಗದ ಮಡಚುತ್ತ, "ನೀ ನನ್ನ ಬೌಲರೇ ಅಲ್ಲ ಅಂತಿ. ಅಲ್ಲಿ ಆರಿಸಿದ್ರ ಅಂತೀಯೋ ಇಲ್ಲೋ?" ಎಂದೂ ಕೇಳಿದ.

ಇಸ್ಮಾಯಿಲ್‌ಸಾಬ್ ಅಳತೆಪಟ್ಟಿ ತೆಗೆದು ಅವನ ಸೊಂಟಕ್ಕೆ ಸುತ್ತಿದ. ಎರಡು ದಿನ ಬೇರೆಯವರ ಬಟ್ಟೆ ಬದಿಗಿಟ್ಟು ಬಿಳಿ ಪ್ಯಾಂಟು, ಬಿಳಿ ಅಂಗಿ ಹೊಲಿದುಕೊಟ್ಟ. ಹೊಲಿಯುವಷ್ಟೂ ಹೊತ್ತು ಬಯ್ಯುತ್ತಲೇ ಇದ್ದ.

ಭಾನುವಾರ ನಸುಕಿನ ಬಸ್ಸಿಗೆ ಇಬ್ಬರೂ ಹೊರಟರು. ಇಂಥವನನ್ನು ಒಬ್ಬನನ್ನೇ ಕಳಿಸುವುದುಂಟೇ? ಮಾನ್ವಿ ಬರುವವರೆಗೆ ಇಸ್ಮಾಯಿಲ್‌ಸಾಬ್ ಮಗ್ಗಿ ಹೇಳಿಕೊಡುವ ಮಾಸ್ತರನ ಹಾಗೆ ಒಂದೇ ಪಾಠ ಹೇಳಿದ.

"ರಾಯಚೂರಾಗ ಕಾಲುವಿ ಇಲ್ಲ. ಅನ್ನು."

"ಇಲ್ಲ."

"ಚೆಂಡು ಹಾರಿದ ಕೂಡ್ಲೆ ಔಟ್ ಅಂತ ನಿಂದ್ರಬ್ಯಾಡ. ಅಲ್ಲಿ ಔಟ್ ಕೊಡಂಗಿಲ್ಲ. ಚೆಂಡನ್ನ ಮನುಷ್ಯಾರು ಹಿಡೀಬೇಕು. ಮನುಷ್ಯಾರು! ತಿಳೀತೇನು?"

"ತಿಳೀತು ಮಾವ. ಎಷ್ಟು ಸಲ ಹೇಳ್ತಿ?"

"ನಿನ್ನ ತಲಿಗಿ ಹೋಗೂತನಕ. ಜೋರು ಹಾಕು, ನೆಲಕ್ಕ ಹಾಕು, ಗಾಳ ಹಾಕಬ್ಯಾಡ."

"ನನಗ ಬರೂದು ಒಂದೇ," ಎಂದ ಪಂಪಣ್ಣ ಕಿಟಕಿಯಾಚೆ ನೋಡುತ್ತ. ಇಸ್ಮಾಯಿಲ್‌ಸಾಬ್ ಟವೆಲು ಮುಖಕ್ಕೆ ಹಾಕಿಕೊಂಡು ಮಲಗಿಬಿಟ್ಟ.

ರಾಯಚೂರಿನ ಮೈದಾನ ದೊಡ್ಡದು. ಸುತ್ತ ಬಣ್ಣ ಬಳಿದ ಹಗ್ಗ, ಒಂದು ಕಡೆ ಶಾಮಿಯಾನ, ಅದರ ಕೆಳಗೆ ಕುರ್ಚಿ. ನಡುವಿನ ಕುರ್ಚಿಯಲ್ಲಿ ಹ್ಯಾಟು ಹಾಕಿದ ಒಬ್ಬ ಹಿರಿಯರು ಪೆನ್ಸಿಲು ಹಿಡಿದು ಕುಳಿತಿದ್ದರು. ಆಯ್ಕೆ ಮಾಡುವವರು ಅವರೇ. ಪಂಪಣ್ಣ ಸೇರಿದ ತಂಡಕ್ಕೆ ನಾಯಕ ಒಬ್ಬ ಎಳೆಯ ವಕೀಲ. ಎದುರು ತಂಡದಲ್ಲಿ ರೈಲ್ವೆಯ ಒಬ್ಬ ಭಾರೀ ಆಳು ಬ್ಯಾಟು ಹಿಡಿದಿದ್ದ, ಅವನನ್ನು ನೋಡಿದರೇ ಚೆಂಡಿಗೆ ಅಳು ಬರಬೇಕು, ಹಾಗಿದ್ದ.

ವಕೀಲ ಪಂಪಣ್ಣನಿಗೆ ಚೆಂಡು ಕೊಟ್ಟ. ಪಂಪಣ್ಣ ಬಗ್ಗಿ ಒಂದು ಹುಲ್ಲುಕಡ್ಡಿ ಕಿತ್ತು ತೂರಿದ. ಶಾಮಿಯಾನದ ಬದಿಯಲ್ಲಿ ನೆಲಕ್ಕೆ ಕುಳಿತಿದ್ದ ಇಸ್ಮಾಯಿಲ್‌ಸಾಬ್, "ಯಾ ಅಲ್ಲಾ" ಎಂದು ಕಣ್ಣು ಮುಚ್ಚಿದ.

ನಾಲ್ಕು ಹೆಜ್ಜೆ, ಎತ್ತರದ ಚೆಂಡು, ರೈಲ್ವೆಯವನ ಬೀಸು. ಚೆಂಡು ಎಡಕ್ಕೆ ಹಾರಿ, ಯಾರೂ ಇಲ್ಲದ ಜಾಗದಲ್ಲಿ ಬಿದ್ದು, ಪುಟಿದು ಹಗ್ಗ ದಾಟಿತು. ನಾಲ್ಕು ರನ್. ಪಂಪಣ್ಣ ಮಾತ್ರ ಆ ಕಡೆ ತಿರುಗಿ ಸಹ ನೋಡದೆ, ಅಂಗಿಯ ತೋಳು ಮಡಚಿಕೊಳ್ಳುತ್ತ, ಬ್ಯಾಟ್ಸ್‌ಮನ್ ಹೊರಡುವುದನ್ನೇ ಕಾಯುತ್ತ ನಿಂತಿದ್ದ. ರೈಲ್ವೆಯವನು ಇವನನ್ನು ನೋಡಿದ. ಇವನು ಅವನನ್ನು ನೋಡಿದ. ಅಂಪೈರು ಬಂದು ಏನೋ ಹೇಳಿದ ಮೇಲೆ ಪಂಪಣ್ಣನಿಗೆ ಎಚ್ಚರವಾಗಿ ನಾಲಿಗೆ ಕಚ್ಚಿಕೊಂಡ. ಶಾಮಿಯಾನದಲ್ಲಿ ನಗೆ ಎದ್ದಿತು.

ಮಾನ್ವಿಯವರೆಗೂ ಬಸ್ಸಿನಲ್ಲಿ ಹೇಳಿದ್ದು! ಇಸ್ಮಾಯಿಲ್‌ಸಾಬ್ ಹುಲ್ಲು ಕಿತ್ತು ಕಿತ್ತು ಎಸೆದ. ಆ ಓವರಿನಲ್ಲಿ ಮೂರು ಸಲ ಚೆಂಡು ಅಲ್ಲಿಗೇ ಹೋಯಿತು, ಮುಂದಿನ ಓವರಿನಲ್ಲಿ ಎರಡು ಸಲ. ರೈಲ್ವೆಯವನೊಬ್ಬನೇ ಅಲ್ಲ, ಅವನ ಜೊತೆಗಾರನೂ ಅಲ್ಲಿಗೇ ಹೊಡೆದ. ವಕೀಲ ನಗುತ್ತಲೇ ಚೆಂಡು ಇಸಿದುಕೊಂಡು ಬೇರೆಯವನಿಗೆ ಕೊಟ್ಟ. ಹ್ಯಾಟಿನ ಹಿರಿಯರು ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡರು.

ಊಟದ ಬಿಡುವಾಯಿತು. ಪಂಪಣ್ಣನ ಮುಖ ನೋಡಲಾರದೆ ಇಸ್ಮಾಯಿಲ್‌ಸಾಬ್ ಹಗ್ಗದ ಗುಂಟ ನಡೆಯುತ್ತ ಹೊರಟ. ಹೋಗಿ ಹೋಗಿ ಬೆಳಿಗ್ಗೆ ಚೆಂಡು ಬಿದ್ದ ಮಗ್ಗುಲಿಗೆ ಬಂದ. ಹಿಂದಿನ ದಿನ ನೀರು ಚಿಮುಕಿಸಿದ್ದ ಕಪ್ಪು ಮಣ್ಣು ಇನ್ನೂ ಮೆತ್ತಗಿತ್ತು, ಚೆಂಡು ಬಿದ್ದಲ್ಲೆಲ್ಲ ಗುಳಿ ಬಿದ್ದಿತ್ತು. ಒಂದು, ಎರಡು, ಮೂರು, ನಾಲ್ಕು, ಐದು. ಐದೂ ಗುಳಿಗಳ ಮೇಲೆ ಒಂದು ಚಾದರ ಹಾಸಿದರೆ ಮುಚ್ಚಿಹೋಗುತ್ತಿದ್ದವು.

ಇಸ್ಮಾಯಿಲ್‌ಸಾಬ್ ದರ್ಜಿ. ಅಳತೆಯ ವಿಷಯದಲ್ಲಿ ಅವನ ಕಣ್ಣು ಸುಳ್ಳು ಹೇಳುವುದಿಲ್ಲ. ಆದರೂ ಅಲ್ಲಿಂದ ವಿಕೆಟ್ಟಿನವರೆಗೆ ಹೆಜ್ಜೆ ಹಾಕಿ ನೋಡಿದ. ಅರವತ್ತನಾಲ್ಕು. ಸಿಂಧನೂರಿನಲ್ಲಿ ವಿಕೆಟ್ಟಿನಿಂದ ಕಾಲುವೆಯ ನಡುನೀರಿಗೆ ಎಷ್ಟು ಹೆಜ್ಜೆಯೋ ಅಷ್ಟೇ. ಇಲ್ಲಿ ಕಾಲುವೆ ಇರಲಿಲ್ಲ, ಏರಿ ಇರಲಿಲ್ಲ, ದಾಟಿಸುವ ಆಸೆ ಹುಟ್ಟಿಸಲು ಏನೂ ಇರಲಿಲ್ಲ. ಬ್ಯಾಟು ಹಿಡಿದವರು ಪಂಪಣ್ಣನ ಹೆಸರನ್ನೂ ಕೇಳಿದವರಲ್ಲ. ಆದರೂ ಐದು ಸಲ ಹನ್ನೆರಡಡಿಯೊಳಗೇ ಹೊಡೆದಿದ್ದರು. ಅವರು ಹೊಡೆದದ್ದಲ್ಲ, ಪಂಪಣ್ಣ ಹೊಡೆಸಿದ್ದು. ನಾನೂರ ಹದಿನೆಂಟು ಸಲ ಹೊಡೆಸಿದ್ದು ಇವನೇ, ಕಾಲುವೆಯಲ್ಲ. ಹನ್ನೊಂದು ವರ್ಷ ಈ ಮನುಷ್ಯನ ಎದುರಿಗೇ ನಿಂತು ತಾನು ನೋಡುತ್ತಿದ್ದುದಾದರೂ ಏನನ್ನು?

ಬುತ್ತಿ ಬಿಚ್ಚಿ ರೊಟ್ಟಿ ತಿನ್ನುತ್ತಿದ್ದ ಪಂಪಣ್ಣನ ಎದುರು ಬಂದು ಏದುಸಿರು ಬಿಡುತ್ತ ನಿಂತ.

"ಪಂಪ್ಯಾ, ಐದೂ ಒಂದೇ ಜಾಗಾದಾಗ ಬಿದ್ದಾವಲೇ!"

"ಅಲ್ಲೇ ಬೀಳ್ತಾವ. ನಾ ಅಲ್ಲಿಗೇ ಹೊಡಿಸ್ತೀನಲ್ಲ."

"ಅದನ್ನ ಆ ವಕೀಲಗ ಹೇಳಾಕ ಏನಾಗಿತ್ತು ನಿನಗ? ಅಲ್ಲೊಬ್ಬನ್ನ ನಿಂದ್ರಿಸ್ರಿ ಅಂತ ಒಂದು ಮಾತು?"

"ಹೇಳಿದ್ನಿ. ನಕ್ಕ. ಅಷ್ಟು ದೂರ ಯಾರ್ನ ನಿಂದ್ರಿಸ್ತಾರಪ ಅಂದ." ಪಂಪಣ್ಣ ರೊಟ್ಟಿ ಮುರಿದ. "ನಿನಗ ಹನ್ನೊಂದು ವರ್ಷದಿಂದ ಹೇಳಾಕತ್ತೀನಿ. ನೀ ಕೇಳಿದೇನು?"

ಇಸ್ಮಾಯಿಲ್‌ಸಾಬ್ ನೆಟ್ಟಗೆ ವಕೀಲನ ಹತ್ತಿರ ಹೋದ. ಗುಳಿಗಳ ಕಥೆ ಹೇಳಿದ, ಹೆಜ್ಜೆಯ ಲೆಕ್ಕ ಹೇಳಿದ, ಕೈ ಮುಗಿದ. ವಕೀಲ ಸಭ್ಯಸ್ಥ, ಬಯ್ಯಲಿಲ್ಲ, ಆದರೆ ನಂಬಲೂ ಇಲ್ಲ. ಅಷ್ಟರಲ್ಲಿ ದೇವರು ದಾರಿ ತೋರಿಸಿದ ಎಂದುಕೊಳ್ಳಬೇಕು. ಅವರ ತಂಡದ ಒಬ್ಬನಿಗೆ ಬೆಳಿಗ್ಗೆ ಬೆರಳಿಗೆ ಪೆಟ್ಟಾಗಿ ಈಗ ಬಾತುಕೊಂಡಿತ್ತು. ಬದಲಿಗೆ ನಿಲ್ಲಲು ಆಳು ಬೇಕಿತ್ತು.

"ನೀವು ಆಡ್ತೀರೇನ್ರಿ?" ಎಂದು ವಕೀಲ ಕೇಳಿದ.

"ಕೀಪರ್ರೀ ನಾನು! ಸಿಂಧನೂರಿನ ಕ್ಯಾಪ್ಟನ್!"

"ಹಂಗಾರ ಬರ್ರಿ. ಎಲ್ಲಾರೆ ದೂರ ನಿಂದ್ರಿ, ಹಿರಿಯರು ನೀವು."

ಎಲ್ಲಿಯಾದರೂ ದೂರ! ನಲವತ್ತನಾಲ್ಕು ವರ್ಷದ ಇಸ್ಮಾಯಿಲ್‌ಸಾಬ್ ಪಾಯಿಜಾಮ ಮೇಲೆತ್ತಿ ಕಟ್ಟಿಕೊಂಡು ಹೋಗಿ ಆ ಐದು ಗುಳಿಗಳ ನಡುವೆ ನಿಂತ. ಪಂಪಣ್ಣ ದೂರದಿಂದ ಅವನನ್ನು ನೋಡಿದ. ಬೆಳಗಿನಿಂದ ಮೊದಲ ಸಲ ಅವನ ಮುಖದಲ್ಲಿ ನಗು ಕಂಡಿತು.

ಒಂದು ತಾಸು ಕಾಯಬೇಕಾಯಿತು. ರೈಲ್ವೆಯವನು ಎಲ್ಲರನ್ನೂ ಚಚ್ಚುತ್ತಲೇ ಇದ್ದ. ಚಹಾಕ್ಕೆ ಮುಂಚಿನ ಕೊನೆಯ ಓವರು ಬಂದಾಗ, ಪಾಪ ದೂರದಿಂದ ಬಂದಿದ್ದಾನೆ ಎಂದೋ ಏನೋ, ವಕೀಲ ಚೆಂಡನ್ನು ಮತ್ತೆ ಪಂಪಣ್ಣನ ಕೈಗೆ ಹಾಕಿದ. ಹ್ಯಾಟಿನ ಹಿರಿಯರು ಕಿವಿಯ ಮೇಲಿನ ಪೆನ್ಸಿಲು ತೆಗೆದರು. ಈ ರೈಲ್ವೆಯವನನ್ನು ಯಾರು ಕೆಡವುತ್ತಾರೋ ಅವನ ಹೆಸರು ಬರೆಯಲು ಅವರು ತಯಾರಾಗಿದ್ದರು, ಅಷ್ಟು ಎಲ್ಲರಿಗೂ ಗೊತ್ತಿತ್ತು.

ಹುಲ್ಲುಕಡ್ಡಿ ಗಾಳಿಗೆ ಹಾರಿತು. ನಾಲ್ಕು ಹೆಜ್ಜೆ. ಚೆಂಡು ಎತ್ತರಕ್ಕೆ ಎದ್ದು ತೂಗಿಕೊಂಡು ಇಳಿಯಿತು. ರೈಲ್ವೆಯವನು ಮಂಡಿ ಊರಿ ಬೀಸಿದ.

ಆ ಸಪ್ಪಳ ಕೇಳಿದ ಕೂಡಲೇ ಇಸ್ಮಾಯಿಲ್‌ಸಾಬ್‌ಗೆ ತಿಳಿಯಿತು. ಸಾವಿರ ಸಲ ಕೇಳಿದ ಸಪ್ಪಳ ಅದು, ಬ್ಯಾಟಿನ ನಡುವಿಗೆ ಸಿಗದ ಚೆಂಡಿನದು. ಚೆಂಡು ಆಕಾಶಕ್ಕೆ ಏರಿ, ಬಿಸಿಲಿನಲ್ಲಿ ಒಂದು ಗಳಿಗೆ ಮರೆಯಾಗಿ, ಮತ್ತೆ ಕಾಣಿಸಿ, ಅವನತ್ತ ತಿರುಗಿತು. ಅವನು ಒಂದು ಹೆಜ್ಜೆ ಮುಂದೆ ಇಡಬೇಕಿರಲಿಲ್ಲ, ಹಿಂದೆ ಇಡಬೇಕಿರಲಿಲ್ಲ. ಸುಮ್ಮನೆ ಎದೆಯ ಮುಂದೆ ಎರಡು ಕೈ ಜೋಡಿಸಿ ಹಿಡಿದರೆ ಸಾಕಿತ್ತು. ಪಂಪಣ್ಣ ಗೆದ್ದ, ನನ್ನ ಪಂಪಣ್ಣ ಗೆದ್ದ ಎಂದು ಅವನ ಹೊಟ್ಟೆಯೊಳಗಿನಿಂದ ಸಂತೋಷ ಉಕ್ಕಿ ಬಂತು.

"ಹೋತೂ!" ಎಂದು ಇಸ್ಮಾಯಿಲ್‌ಸಾಬ್ ಎರಡೂ ಕೈ ಮೇಲೆತ್ತಿ ಕೂಗಿದ.

ಕೈಗಳು ತಲೆಯ ಮೇಲೆ ಬೇರೆ ಬೇರೆಯಾಗಿ ಎದ್ದು ನಿಂತಿದ್ದವು. ಚೆಂಡು ಆ ಎರಡರ ನಡುವೆ ಇಳಿದು, ಅವನ ಹೆಗಲಿಗೆ ಬಡಿದು, ಕಾಲಬಳಿ ಬಿತ್ತು. ಎರಡು ಸಲ ಪುಟಿದು ಅಲ್ಲೇ ನಿಂತಿತು.

ಮೈದಾನದಲ್ಲಿ ಎದ್ದ ನಗೆ ರಾಯಚೂರಿನ ಕೋಟೆಗೂ ಕೇಳಿಸಿರಬೇಕು. ಇಸ್ಮಾಯಿಲ್‌ಸಾಬ್ ಎತ್ತಿದ ಕೈ ಇಳಿಸಲಿಲ್ಲ, ಇಳಿಸಬೇಕೆಂಬುದೂ ನೆನಪಾಗಲಿಲ್ಲ. ಯಾರೋ ಓಡಿಬಂದು ಅವನ ಕಾಲಬಳಿಯಿಂದ ಚೆಂಡು ಎತ್ತಿಕೊಂಡು ಹೋದರು. ರೈಲ್ವೆಯವನು ದಡ್ಡನಲ್ಲ. ಅಲ್ಲೊಬ್ಬ ನಿಂತಿದ್ದಾನೆ ಎಂದು ಕಂಡ ಮೇಲೆ ಉಳಿದ ಐದು ಚೆಂಡುಗಳನ್ನು ಬಗ್ಗಿ ನೆಲಕ್ಕೇ ಆಡಿದ. ಓವರು ಮುಗಿಯಿತು. ಪಂಪಣ್ಣನ ಕೈಗೆ ಮತ್ತೆ ಚೆಂಡು ಬರಲಿಲ್ಲ.

ಬಿಸಿಲು ಇಳಿದಾಗ ಹ್ಯಾಟಿನ ಹಿರಿಯರು ಹೆಸರು ಓದಿದರು. ಹದಿನಾಲ್ಕು ಹೆಸರು. ಪಂಪಣ್ಣ ಹದಿನಾಲ್ಕನೆಯದನ್ನೂ ಕೇಳಿ, ಇನ್ನೊಂದು ಇರಬಹುದೆಂದು ಸ್ವಲ್ಪ ಹೊತ್ತು ನಿಂತು, ಆಮೇಲೆ ಬುತ್ತಿಯ ಗಂಟು ಎತ್ತಿಕೊಂಡ. ಇಸ್ಮಾಯಿಲ್‌ಸಾಬ್ ಹಿರಿಯರ ಹತ್ತಿರ ಹೋಗಿ, ತಪ್ಪು ನನ್ನದು, ಬೌಲರನದಲ್ಲ, ಐದು ಗುಳಿ ಅದಾವ, ಬಂದು ನೋಡ್ರೀ ಎಂದು ತೊದಲಿದ. ಅವರು ಒಳ್ಳೆಯ ಮನುಷ್ಯರು, ಪೂರಾ ಕೇಳಿಸಿಕೊಂಡರು. ಆದರೆ ಪುಸ್ತಕದಲ್ಲಿ ವಿಕೆಟ್ ಇಲ್ಲವಲ್ಲ ಎಂದರು.

ಸಂಜೆಯ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತರು. ಇಸ್ಮಾಯಿಲ್‌ಸಾಬ್ ಬೈಗುಳಕ್ಕಾಗಿ ಕಾಯುತ್ತಿದ್ದ. ಬೈದರೆ ಬದುಕಿಕೊಳ್ಳುತ್ತಿದ್ದ. ತಾನು ಇವನಿಗೆ ಹನ್ನೊಂದು ವರ್ಷದಲ್ಲಿ ಬೈದದ್ದರಲ್ಲಿ ಒಂದಾಣೆಯಷ್ಟನ್ನಾದರೂ ಇವತ್ತು ವಾಪಸು ಕೊಡಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದ. ಮಾನ್ವಿ ದಾಟಿದ ಮೇಲೆ ಪಂಪಣ್ಣ ಬಾಯಿ ಬಿಟ್ಟ.

"ಹನ್ನೊಂದು ವರ್ಷ ಮಾವ. ಕಾಲುವಿ ಒಂದು ಕ್ಯಾಚ್ ಬಿಟ್ಟಿಲ್ಲ."

ಇಸ್ಮಾಯಿಲ್‌ಸಾಬ್ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಕಂಡಕ್ಟರು ಬಂದು ಏನಾಯಿತೆಂದು ಕೇಳಿ ಮುಂದೆ ಹೋದ. ಪಂಪಣ್ಣ ಇಸ್ಮಾಯಿಲ್‌ಸಾಬ್‌ನ ತೊಡೆಯ ಮೇಲೆ ಕೈಯಿಟ್ಟ.

"ಒಂದು ಮಾತು ಕೇಳ್ತೀನಿ, ಖರೇ ಹೇಳು. ಚೆಂಡು ಬಂದಾಗ ನೀ ಹೆಜ್ಜಿ ಕಿತ್ತಿದೇನು?"

"ಇಲ್ಲಪ."

"ಆ ಕಡಿ, ಈ ಕಡಿ?"

"ಇಲ್ಲಲೇ. ಒಂದು ಬೆರಳಿನಷ್ಟೂ ಇಲ್ಲ. ಸೀದಾ ನನ್ನ ಕೈಗೇ ಬಂದಿತ್ತು."

ಪಂಪಣ್ಣ ಸೀಟಿಗೆ ಒರಗಿ ಕಣ್ಣು ಮುಚ್ಚಿದ. "ಹಂಗಾರ ಅದನ್ನ ಊರಾಗ ಹೇಳು. ನಾ ಹೇಳಿದ್ರ ಯಾರೂ ನಂಬಂಗಿಲ್ಲ. ನೋಡಿದಾಂವ ನೀನೊಬ್ಬನೇ."

ಇಸ್ಮಾಯಿಲ್‌ಸಾಬ್ ಮರುದಿನದಿಂದ ಹೇಳತೊಡಗಿದ. ವೆಂಕೋಬರಾಯರಿಗೆ ಹೇಳಿದ, ಮಸ್ಕಿಯವರಿಗೆ ಹೇಳಿದ, ಲಿಂಗಸುಗೂರಿಗೆ ಬಸ್ಸು ಹಿಡಿದು ಹೋಗಿ ಹೇಳಿ ಬಂದ. ಅಂಗಡಿಗೆ ಅಂಗಿ ಹೊಲಿಸಲು ಬಂದವರಿಗೆ ತೋಳಿನ ಅಳತೆ ತೆಗೆಯುತ್ತ ಹೇಳಿದ. ಪಂಪಣ್ಣನಂಥ ಬೌಲರು ಈ ಜಿಲ್ಲೆಯಲ್ಲಿ ಹುಟ್ಟಿಲ್ಲ, ಇಂಥ ಜಾಗಕ್ಕೆ ಎಂದರೆ ಅಲ್ಲಿಗೇ ಹೊಡೆಸುತ್ತಾನೆ ಎಂದು ಶುರು ಮಾಡುತ್ತಿದ್ದ. ಕೇಳಿದವರು ಒಂದೇ ಪ್ರಶ್ನೆ ಕೇಳುತ್ತಿದ್ದರು, ಅಷ್ಟು ಚೊಲೊ ಬೌಲರಾದರೆ ಮತ್ತ ಯಾಕ ಆರಿಸಲಿಲ್ಲ ಎಂದು. ಆಗ ಇಸ್ಮಾಯಿಲ್‌ಸಾಬ್ ಕತ್ತರಿ ಕೆಳಗಿಟ್ಟು, ಎದ್ದು ನಿಂತು, ಎರಡೂ ಕೈ ಮೇಲೆತ್ತಿ ತೋರಿಸುತ್ತಿದ್ದ.